ಕ್ವಾಲಿಟಿ ಸರ್ಕಲ್ ಒಳಗೆ ಹೋಗಿಯೂ ಯೂನಿಯನ್ ಗಟ್ಟಿಯಾಗಿದ್ದು ಹೇಗೆ: ನನ್ನ ಅನುಭವ

ನಮ್ಮ ಯೂನಿಯನ್‌ನಲ್ಲಿ ಚಂದಾ ಈಗಲೂ ಕೈಯಿಂದಲೇ ವಸೂಲಿ. ಕಾರ್ಮಿಕ ಬರೆದು ಒಪ್ಪಿಗೆ ಕೊಟ್ಟರೆ ಸಂಬಳದಲ್ಲೇ ಮುರಿದುಕೊಳ್ಳಲು ಕಾನೂನಿನಲ್ಲಿ ದಾರಿ ಇದೆ. ನಾವು ಬೇಕಂತಲೇ ಆ ದಾರಿ ಹಿಡಿದಿಲ್ಲ. ಸಂಬಳ ಆದ ಮರುದಿನ ಶಾಪ್ ಕಾರ್ಯದರ್ಶಿಗಳು ರಸೀದಿ ಪುಸ್ತಕ ಹಿಡಿದು ಹೊರಡುತ್ತಾರೆ. ತಲೆಗೆ 50 ರೂಪಾಯಿ. ನಮ್ಮಲ್ಲಿ ಪರ್ಮನೆಂಟ್ ಕಾರ್ಮಿಕರು ಸುಮಾರು 280. ಅವರಲ್ಲಿ 260ರ ಆಸುಪಾಸು ಜನ ಕೇಳುವ ಮೊದಲೇ ದುಡ್ಡು ತೆಗೆದು ಕೊಡುತ್ತಾರೆ. ಕ್ವಾಲಿಟಿ ಸರ್ಕಲ್ (ಕೆಲಸ ಸುಧಾರಿಸುವುದು ಹೇಗೆ ಎಂದು ಕಾರ್ಮಿಕರು ಕೂತು ಮಾತಾಡುವ ಸಣ್ಣ ಗುಂಪು), ಕೈಜೆನ್ (ಸಣ್ಣ ಸಣ್ಣ ಸುಧಾರಣೆ), ಸಲಹೆ ಪೆಟ್ಟಿಗೆ, ವರ್ಕ್ಸ್ ಕಮಿಟಿ (ಕಾರ್ಮಿಕರೂ ಮ್ಯಾನೇಜ್‌ಮೆಂಟೂ ಸೇರಿ ಕೂರುವ ಸಮಿತಿ) ಎಲ್ಲವೂ ಜೋರಾಗಿ ನಡೆಯುತ್ತಿರುವ ಫ್ಯಾಕ್ಟರಿಯ ಲೆಕ್ಕ ಇದು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಇಂಥ ಇನ್ನೊಂದು ಯೂನಿಯನ್ ಇದ್ದರೆ ನನಗೆ ತೋರಿಸಿ, ನಾನೇ ಹೋಗಿ ನೋಡಿ ಬರುತ್ತೇನೆ.

ಇವೆಲ್ಲ ಒಳಗೆ ಬಂದರೆ ಮೂರು ವರ್ಷದಲ್ಲಿ ಯೂನಿಯನ್ ಮುಗಿಯುತ್ತದೆ ಎಂದು ಹೇಳಿದವರು ಬಹಳ ಜನ. ಹುಬ್ಬಳ್ಳಿಯ ಹಳೆಯ ಜವಳಿ ಮಿಲ್ಲಿನಲ್ಲಿ ಹೋರಾಟ ನೋಡಿದ ಹಿರಿಯರೂ ಹೇಳಿದರು. ಬೆಂಗಳೂರಿನಿಂದ ಬಂದ ಫೆಡರೇಶನ್‌ನವರೂ ಹೇಳಿದರು. ಅವರು ಸುಮ್ನೆ ಹೇಳಿದ್ದಲ್ಲ, ಅವರು ಕಂಡ ಕಡೆ ಹಾಗೇ ಆಗಿತ್ತು. ನಮ್ಮಲ್ಲಿ ಯಾಕೆ ಹಾಗಾಗಲಿಲ್ಲ ಎಂಬುದನ್ನು ಬರೆಯುತ್ತೇನೆ. ಯೂನಿಯನ್ ನಡೆಸುವವರಿಗಾಗಿಯೇ ಬರೆಯುತ್ತಿರುವುದರಿಂದ ಕ್ವಾಲಿಟಿ ಸರ್ಕಲ್ ಅಂದರೇನು, ವರ್ಕ್ಸ್ ಕಮಿಟಿ ಅಂದರೇನು ಎಂದು ಇನ್ನಷ್ಟು ವಿವರಿಸುವುದಿಲ್ಲ. ಅಂಕಿಗಳು ನೆನಪಿನಿಂದ ಬಂದವು. ನೂರಿನ ಲೆಕ್ಕದಲ್ಲಿ ಐದು ಹತ್ತು ಆಚೀಚೆ ಇರಬಹುದು.

ನಮ್ಮದು ವಾಲ್ವ್ ಮಾಡುವ ಫ್ಯಾಕ್ಟರಿ. ಫೌಂಡ್ರಿ, ಫೆಟ್ಲಿಂಗ್ (ಎರಕದ ಒರಟು ಉಜ್ಜಿ ತೆಗೆಯುವ ಕಡೆ), ಮಷಿನ್ ಶಾಪ್, ಅಸೆಂಬ್ಲಿ, ಟೆಸ್ಟಿಂಗ್. ನಾನು ಅಸೆಂಬ್ಲಿಯ ಫಿಟ್ಟರ್. 2012ರ ಸುಮಾರಿಗೆ ಮ್ಯಾನೇಜ್‌ಮೆಂಟ್ ಪುಣೆಯಿಂದ ಒಬ್ಬ ಕನ್ಸಲ್ಟಂಟ್‌ನನ್ನು ಕರೆಸಿತು. ಶನಿವಾರ ಮುಕ್ಕಾಲು ಗಂಟೆ ಸರ್ಕಲ್ ಮೀಟಿಂಗ್, ಅದಕ್ಕೂ ಸಂಬಳ. ಗಿರ್ಮಿಟ್ಟು, ಮಿರ್ಚಿ, ಚಹಾ. ವರ್ಷಕ್ಕೊಂದು ಟೀ ಶರ್ಟ್, ಗೆದ್ದ ತಂಡಕ್ಕೆ ಶೀಲ್ಡು. ಆಗಿನ ನಮ್ಮ ಕಮಿಟಿ ಗೇಟ್ ಮೀಟಿಂಗ್ ಕರೆದು ಬಹಿಷ್ಕಾರ ಹಾಕಿತು. ಸರ್ಕಲ್‌ಗೆ ಹೋದವನು ಕಂಪನಿ ಮನುಷ್ಯ ಎಂದು ಮೈಕಿನಲ್ಲಿ ಸಾರಿದರು.

ಅರ್ಧಕ್ಕರ್ಧ ಜನ ಹೋದರು. ಗಿರ್ಮಿಟ್ಟಿನ ಆಸೆಗೆ ಹೋದರು ಎಂದು ಆಗ ಬೈಯುತ್ತಿದ್ದರು. ಅದು ತಪ್ಪು ಲೆಕ್ಕ. ಹದಿನೈದು ಇಪ್ಪತ್ತು ವರ್ಷ ಒಂದೇ ಮಷಿನ್ ಮುಂದೆ ನಿಂತವನಿಗೆ ಆ ಮಷಿನ್ ಬಗ್ಗೆ ಹೇಳುವುದು ಬೇಕಾದಷ್ಟು ಇರುತ್ತದೆ. ಯಾರೋ ಕೇಳಿದರು, ಹೇಳಲು ಹೋದ, ಅಷ್ಟೇ. ಆದರೆ ಹೋದ ಮೇಲೆ ಯೂನಿಯನ್ ಮುಖ ನೋಡಲು ಅವನಿಗೆ ಸಂಕೋಚ. ರಸೀದಿ ಪುಸ್ತಕ ಬಂದಾಗ ಬಾತ್‌ರೂಮ್ ಕಡೆ ಹೊರಟುಬಿಡುತ್ತಿದ್ದ. ಎರಡು ತಿಂಗಳು ಚಂದಾ ತಪ್ಪಿತು ಅಂದರೆ ಮೂರನೇ ತಿಂಗಳು ನಾವೇ ಕೇಳುವುದನ್ನು ಬಿಟ್ಟುಬಿಡುತ್ತಿದ್ದೆವು. ಒಂದು ವರ್ಷ ಮುಗಿಯುವಷ್ಟರಲ್ಲಿ ಚಂದಾ ಕೊಡುವವರು 230ರಿಂದ 140ಕ್ಕೆ ಇಳಿದರು. ಅವರನ್ನು ಸರ್ಕಲ್ ಎಳೆದುಕೊಂಡಿರಲಿಲ್ಲ, ಬಹಿಷ್ಕಾರವೇ ಹೊರಗೆ ದಬ್ಬಿತ್ತು. ಈ ಮಾತನ್ನು ನಾನು ಜನರಲ್ ಬಾಡಿಯಲ್ಲಿ ಎದ್ದು ನಿಂತು ಹೇಳಿದೆ. ಗಲಾಟೆ ಆಯಿತು. ಮುಂದಿನ ಚುನಾವಣೆಯಲ್ಲಿ ನನ್ನನ್ನೇ ಪ್ರಧಾನ ಕಾರ್ಯದರ್ಶಿ ಮಾಡಿದರು.

ಇದಕ್ಕೆ ಉಲ್ಟಾ ಉದಾಹರಣೆಯೂ ನಮ್ಮ ಕಣ್ಣ ಮುಂದೆಯೇ ಇತ್ತು. ನಮ್ಮಿಂದ ದೂರವಿಲ್ಲದ ಒಂದು ಫ್ಯಾಕ್ಟರಿಯಲ್ಲಿ ಯೂನಿಯನ್ ನಾಯಕರು ಒಂದು ಕಾಗದವನ್ನೂ ಬರೆಸಿಕೊಳ್ಳದೆ ಕಮಿಟಿಗಳಲ್ಲಿ ಹೋಗಿ ಕೂತರು. ಎಸಿ ರೂಮು, ಬಿಸ್ಕೆಟ್ಟು, ಪ್ರೊಡಕ್ಷನ್ ಟಾರ್ಗೆಟ್ ಚಾರ್ಟು. ಒಳಗೆ ಏನು ಮಾತಾಯಿತು ಎಂದು ಹೊರಗೆ ಬಂದು ಹೇಳಲಿಲ್ಲ. ಎರಡು ವರ್ಷದಲ್ಲಿ ಅವರ ಹಿಂದೆ ಯಾರೂ ಉಳಿಯಲಿಲ್ಲ. ಹುಡುಗರು ಬೇರೆ ಯೂನಿಯನ್ ಕಟ್ಟಿಕೊಂಡರು. ಹೊರಗೆ ನಿಂತರೂ ಹೋಯಿತು, ಸುಮ್ನೆ ಒಳಗೆ ಹೋದರೂ ಹೋಯಿತು. ಹಾಗಾದರೆ ಒಳಗೆ ಹೋಗುವುದು ಹೇಗೆ ಎಂಬುದನ್ನು ಕಂಡುಹಿಡಿಯಬೇಕಿತ್ತು.

ಮೊದಲ ಕೆಲಸ ಅಗ್ರಿಮೆಂಟು. ಒಳಗೆ ಕಾಲಿಡುವ ಮೊದಲೇ ಬರೆಸಿಕೊಳ್ಳಬೇಕು. ಕಾಲಿಟ್ಟ ಮೇಲೆ ಯಾವ ಮ್ಯಾನೇಜ್‌ಮೆಂಟೂ ಬರೆದು ಕೊಡುವುದಿಲ್ಲ. ನಾವು ಇಟ್ಟ ಮುಖ್ಯ ಷರತ್ತುಗಳು ಇವು. ಕಾರ್ಮಿಕರ ಕಡೆಯ ಪ್ರತಿನಿಧಿಗಳ ಹೆಸರನ್ನು ಯೂನಿಯನ್ ಕೊಡಬೇಕು. ಸಂಬಳ, ಶಿಫ್ಟು, ಓಟಿ, ಕೆಲಸದ ಪ್ರಮಾಣ, ಶಿಸ್ತುಕ್ರಮ ಇವುಗಳ ಮಾತು ಸರ್ಕಲ್‌ನಲ್ಲಿ ಬರಕೂಡದು. ಯಾವ ಸಲಹೆಯಿಂದಲೂ ಒಬ್ಬನ ಕೆಲಸವೂ ಹೋಗಬಾರದು, ಜಾಗ ಕಡಿಮೆಯಾದರೆ ಬೇರೆ ಶಾಪ್‌ನಲ್ಲಿ ಅದೇ ಗ್ರೇಡ್ ಕೊಡಬೇಕು. ಉಳಿತಾಯದಲ್ಲಿ ಕಾರ್ಮಿಕರಿಗೆ ಪಾಲು ಬೇಕು. ಒಂದು ತಿಂಗಳ ನೋಟಿಸ್ ಕೊಟ್ಟು ಯಾರು ಬೇಕಾದರೂ ಈ ವ್ಯವಸ್ಥೆಯಿಂದ ಹೊರಗೆ ಬರಬಹುದು.

ಎರಡನೇ ಷರತ್ತಿಗೆ ನಮ್ಮ ಕೈಯಲ್ಲಿ ಗಟ್ಟಿ ಆಧಾರ ಇತ್ತು. 1960ರಲ್ಲಿ ನಾರ್ತ್‌ಬ್ರೂಕ್ ಜ್ಯೂಟ್ ಕಂಪನಿಯ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತು ಹೇಳಿದೆ. ಅಲ್ಲಿ ವರ್ಕ್ಸ್ ಕಮಿಟಿ ಒಪ್ಪಿದೆ ಎಂದು ಹೇಳಿ ಕೆಲಸದ ಹಂಚಿಕೆಯನ್ನೇ ಬದಲಿಸಲು ಹೊರಟಿದ್ದರು. ವರ್ಕ್ಸ್ ಕಮಿಟಿ ಇರುವುದು ದಿನನಿತ್ಯದ ತಿಕ್ಕಾಟ ಕಡಿಮೆ ಮಾಡಲು, ಅದು ಯೂನಿಯನ್ ಜಾಗಕ್ಕೆ ಬರುವಂತಿಲ್ಲ ಎಂದು ಕೋರ್ಟ್ ಹೇಳಿತು. ಆ ತೀರ್ಪಿನ ಝೆರಾಕ್ಸ್ ಕಾಪಿ ಈಗಲೂ ಯೂನಿಯನ್ ಆಫೀಸಿನ ಗೋಡೆ ಮೇಲೆ ಇದೆ. ಹೊಸ ಎಚ್‌ಆರ್ ಸಾಹೇಬ್ರು ಯಾರೇ ಬಂದರೂ ಒಂದು ಕಾಪಿ ಕೊಟ್ಟು ಬರುತ್ತೇನೆ.

ಅವರು ಬಹಳ ತಿಂಗಳು ಒಪ್ಪದೇ ಇದ್ದದ್ದು ಮೂರನೆಯದಕ್ಕೆ, ಅಂದರೆ ಕೆಲಸ ಹೋಗಬಾರದು ಎಂಬುದಕ್ಕೆ. ಬಾಯಲ್ಲಿ ಹೇಳುತ್ತೇವೆ, ಬರೆದು ಯಾಕೆ ಎಂದು ಕೇಳುತ್ತಿದ್ದರು. ನಾವು ಬಿಡಲಿಲ್ಲ. ಕೊನೆಗೆ ವಿದೇಶಿ ಗಿರಾಕಿಯೊಬ್ಬರ ಆಡಿಟ್ ಹತ್ತಿರ ಬಂದಾಗ ಒಪ್ಪಿದರು. ಆ ವಾರ ನಾವು ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಾನೂನು ಮೀರಿದ್ದೇನೂ ಇಲ್ಲ, ಒಂದು ಗಂಟೆ ಕೆಲಸವೂ ನಿಂತಿಲ್ಲ. ಆದರೆ ಅದು ಇನ್ನೊಮ್ಮೆ ಬೇಕಾಗಬಹುದು.

ಸಹಿ ಎಲ್ಲಿ ಮಾಡುತ್ತೀರಿ ಎಂಬುದೂ ದೊಡ್ಡ ವಿಷಯ. ಆಗಿನ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ, ಯೂನಿಯನ್ ಮತ್ತು ಮ್ಯಾನೇಜ್‌ಮೆಂಟ್ ಇಬ್ಬರೇ ಕೂತು ಮಾಡಿಕೊಂಡ 18(1) ಒಪ್ಪಂದ ಸಹಿ ಹಾಕಿದವರಿಗೆ ಮಾತ್ರ ಅನ್ವಯ ಆಗುತ್ತಿತ್ತು. ಕನ್ಸಿಲಿಯೇಶನ್ ಅಧಿಕಾರಿ, ಅಂದರೆ ರಾಜಿ ಮಾಡಿಸುವ ಸರ್ಕಾರಿ ಅಧಿಕಾರಿ ಮುಂದೆ ಆದ 12(3) ಒಪ್ಪಂದ ಮೆಂಬರ್ ಆಗಿರಲಿ ಬಿಡಲಿ, ನಾಳೆ ಸೇರುವವರಿಗೂ ಸೇರಿಸಿ ಎಲ್ಲರಿಗೂ ಅನ್ವಯ ಆಗುತ್ತಿತ್ತು. ನಾವು 12(3) ಮಾಡಿಸಿದೆವು. ಕಾರ್ಮಿಕ ಇಲಾಖೆಗೆ ಓಡಾಟ, ವಕೀಲರ ಫೀ, ಟೈಪಿಂಗ್ ಎಲ್ಲ ಸೇರಿ 18 ಸಾವಿರದ ಹತ್ತಿರ ಖರ್ಚಾಯಿತು. ಆಗ ಯೂನಿಯನ್ ಖಾತೆಯಲ್ಲಿ ಇದ್ದದ್ದೇ 25 ಸಾವಿರ ಚಿಲ್ಲರೆ. ಖಜಾಂಚಿ ಎರಡು ತಿಂಗಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಇದು 2015ರ ಮಾತು.

ಅಗ್ರಿಮೆಂಟ್ ಆದ ಮೇಲೂ ಮೊದಲ ಎಂಟು ತಿಂಗಳು ಏನೂ ಆಗಲಿಲ್ಲ. ಸರ್ಕಲ್‌ಗಳು ನಡೆದವು, ಸಲಹೆಗಳು ಬಂದವು, ಚಂದಾ ಕೊಡುವವರು ಮಾತ್ರ 150 ದಾಟಲಿಲ್ಲ. ವರ್ಕ್ಸ್ ಕಮಿಟಿಯಲ್ಲಿ ಚಹಾ, ಬಾತ್‌ರೂಮ್, ಸೈಕಲ್ ಸ್ಟ್ಯಾಂಡ್ ಬಿಟ್ಟು ಬೇರೆ ಮಾತಿಲ್ಲ. ಒಳ್ಳೆಯ ಸಲಹೆ ಜಾರಿಯಾದರೆ ಸೂಪರ್‌ವೈಸರ್ ಹೆಸರು ಬೋರ್ಡಿಗೆ. ಜಾರಿಯಾಗದಿದ್ದರೆ ಅದು ಪೆಟ್ಟಿಗೆಯಲ್ಲೇ ಸತ್ತಿತು, ಕೇಳುವವರಿಲ್ಲ. ನೋಡಿದ್ರಾ, ನಾವು ಹೇಳಿರಲಿಲ್ವಾ ಎಂದು ಅನುಮಾನದವರು ಅಂದರು.

ಆಗ ಹೊಳೆದದ್ದು ಕಾರ್ಬನ್ ಪುಸ್ತಕ. ನನಗೆ ಇಡೀ ವಿಷಯದಲ್ಲಿ ಬಹಳ ಹೆಮ್ಮೆ ಇರುವುದು ಇದರ ಬಗ್ಗೆ. ಮೂರು ಪ್ರತಿ ಬರುವ ಸ್ಲಿಪ್ ಪುಸ್ತಕಗಳನ್ನು ಊರೊಳಗಿನ ಪ್ರೆಸ್ಸಿನಲ್ಲಿ ಮಾಡಿಸಿದೆವು. ನಂಬರ್ ಹಾಕಿಸಿ ನೂರು ಪುಸ್ತಕಕ್ಕೆ ನಾಲ್ಕು ಸಾವಿರ ಚಿಲ್ಲರೆ ಆಯಿತು. ಕಾರ್ಮಿಕ ಸಲಹೆ ಬರೆದರೆ ಬಿಳಿ ಪ್ರತಿ ಪೆಟ್ಟಿಗೆಗೆ, ಹಳದಿ ಯೂನಿಯನ್‌ಗೆ, ಗುಲಾಬಿ ಅವನ ಜೇಬಿಗೆ. ಬರೆಯಲು ಬಾರದವನಿಗೆ ಶಾಪ್ ಕಾರ್ಯದರ್ಶಿ ಬರೆದು ಕೊಡುತ್ತಾನೆ. ಹದಿನೈದು ದಿನದಲ್ಲಿ ಉತ್ತರ ಬರಬೇಕು. ಆಗುತ್ತದೆ ಅಂದರೆ ಯಾವಾಗ ಎಂದು ತಾರೀಖು. ಆಗುವುದಿಲ್ಲ ಅಂದರೆ ಯಾಕೆ ಎಂದು ಬರಹ. ಉತ್ತರ ಬರದಿದ್ದರೆ ಹಳದಿ ಪ್ರತಿ ಹಿಡಿದು ವರ್ಕ್ಸ್ ಕಮಿಟಿಯ ಮುಂದಿನ ಅಜೆಂಡಾದಲ್ಲಿ ಹಾಕುತ್ತೇವೆ, ಸಲಹೆ ಕೊಟ್ಟವನ ಹೆಸರಿನ ಸಮೇತ.

ಕೇಳಲು ಸಣ್ಣ ವಿಷಯ. ಆದರೆ ಇಲ್ಲಿಂದಲೇ ಗಾಳಿ ತಿರುಗಿತು. ಯಾಕೆ ಅಂದರೆ, ಹತ್ತು ಸಲಹೆ ಬಂದರೆ ಜಾರಿಯಾಗುವುದು ಮೂರೋ ನಾಲ್ಕೋ.  ಜಾರಿಯಾದ ಮೂವರಿಗೆ ಮ್ಯಾನೇಜ್‌ಮೆಂಟ್ ಕೈಕುಲುಕಿ ಫೋಟೋ ತೆಗೆಸುತ್ತದೆ. ಉಳಿದ ಆರೇಳು ಜನ ಯಾರ ಬಳಿ ಹೋಗಬೇಕು? ಮೊದಲು ಅವರು ಎಲ್ಲಿಗೂ ಹೋಗುತ್ತಿರಲಿಲ್ಲ, ಒಳಗೇ ಕುದಿಯುತ್ತಿದ್ದರು. ಈಗ ಅವರ ಹಿಂದೆ ಯೂನಿಯನ್ ನಿಂತಿತು.

ಫೆಟ್ಲಿಂಗ್ ಶಾಪ್‌ನಲ್ಲಿ ಒಬ್ಬ ಹಿರಿಯರಿದ್ದಾರೆ, ಎಲ್ಲರಿಗೂ ಕಾಕಾ. ಗ್ರೈಂಡಿಂಗ್ ಧೂಳು ಎಳೆಯುವ ಡಕ್ಟ್ ತಪ್ಪು ಕಡೆ ಇದೆ, ಮೂರು ಅಡಿ ಸರಿಸಿ ಎಂದು ಅವರು ಬರೆಸಿದರು. ಉತ್ತರ ಬರಲಿಲ್ಲ. ಅಜೆಂಡಾಗೆ ಹಾಕಿದೆವು. ಎರಡು ಲಕ್ಷದ ಹತ್ತಿರ ಖರ್ಚು, ಈ ವರ್ಷ ಆಗುವುದಿಲ್ಲ ಎಂದು ಬರಹದಲ್ಲಿ ಉತ್ತರ ಕೊಟ್ಟರು. ಆ ಕಾಗದವನ್ನು ನಾನೇ ತಗೊಂಡು ಹೋಗಿ ಕಾಕಾಗೆ ಕೊಟ್ಟೆ. ಬೇಜಾರಾಗುತ್ತಾರೆ ಅಂದುಕೊಂಡಿದ್ದೆ. ಅವರು ಅಂದದ್ದು ಹೀಗೆ: “ತಮ್ಮಾ, ಇಷ್ಟ್ ವರ್ಷದಾಗ ನಾ ಏನ್ ಹೇಳಿದ್ರೂ ‘ನೋಡೂಣು’ ಅಂದವ್ರ ಜಾಸ್ತಿ. ಯಾಕ್ ಆಗಂಗಿಲ್ಲ ಅಂತ ಬರದ್ ಕೊಟ್ಟಿದ್ದು ಇದ ಮೊದ್ಲ.” ಬಹಿಷ್ಕಾರದ ಕಾಲದಿಂದ ಚಂದಾ ನಿಲ್ಲಿಸಿದ್ದ ಮನುಷ್ಯ ಅವತ್ತು ಆರು ತಿಂಗಳದ್ದು ಒಟ್ಟಿಗೇ ಕೊಟ್ಟರು. ಮುಂದಿನ ವರ್ಷ ಡಕ್ಟ್ ಅರ್ಧ ಸರಿಯಿತು. ಪೂರ್ತಿ ಸರಿಸಲು ಇನ್ನೂ ಕೇಳುತ್ತಲೇ ಇದ್ದೇವೆ.

ಸಲಹೆ ಗೆದ್ದಾಗ ಸಿಕ್ಕ ಮೆಂಬರ್‌ಗಳಿಗಿಂತ ಸೋತಾಗ ಸಿಕ್ಕವರು ನಮಗೆ ಜಾಸ್ತಿ. ನಾನು ಇದನ್ನು ಹೇಳಿದಾಗ ಯಾರೂ ನಂಬುತ್ತಿರಲಿಲ್ಲ. ಆಮೇಲೆ ಧಾರವಾಡದ ಪರಿಚಯದ ಪ್ರಾಧ್ಯಾಪಕರೊಬ್ಬರು ಅಮೆರಿಕದ ಒಂದು ಅಧ್ಯಯನ ತೋರಿಸಿದರು. ಫೀಲ್ಡ್ಸ್ ಮತ್ತು ಥ್ಯಾಕರ್ ಎಂಬ ಇಬ್ಬರು 1992ರಲ್ಲಿ ಪ್ರಕಟಿಸಿದ್ದು. ಯೂನಿಯನ್ ಮತ್ತು ಕಂಪನಿ ಸೇರಿ ನಡೆಸಿದ ಇಂಥದೇ ಕಾರ್ಯಕ್ರಮದ ಮೊದಲು ಮತ್ತು ನಂತರ ಕಾರ್ಮಿಕರ ಮನಸ್ಸು ಅಳೆದಿದ್ದರು. ಕಾರ್ಯಕ್ರಮ ಯಶಸ್ವಿ ಅನ್ನಿಸಿದವರಲ್ಲಿ ಮಾತ್ರ ಕಂಪನಿ ಮೇಲಿನ ನಿಷ್ಠೆ ಹೆಚ್ಚಿತ್ತು. ಯೂನಿಯನ್ ಮೇಲಿನ ನಿಷ್ಠೆ ಮಾತ್ರ ಯಶಸ್ಸು ಕಂಡವರಲ್ಲೂ ಕಾಣದವರಲ್ಲೂ ಹೆಚ್ಚಿತ್ತು. ನಮ್ಮ ಫೆಟ್ಲಿಂಗ್ ಶಾಪ್‌ನಲ್ಲಿ ಕಂಡದ್ದೂ ಇದೇ. ಯೂನಿಯನ್ ಜೊತೆಗಿದ್ದು ನಡೆಸಿದ್ದು ಎಂಬುದೇ ಅದರಲ್ಲಿ ಮುಖ್ಯ, ಅದನ್ನು ಬಿಟ್ಟು ಓದಬಾರದು.

ಇನ್ನು ದುಡ್ಡಿನ ವಿಷಯ. ಇದರಲ್ಲಿ ಬಹಳ ಹೆಣಗಿದ್ದೇವೆ. ಮೊದಲು ಸಲಹೆ ಕೊಟ್ಟವನಿಗೆ 500 ರೂಪಾಯಿ ಬಹುಮಾನ ಇತ್ತು. ಅದರಿಂದ ಜಗಳಗಳೇ ಜಗಳ. ಒಂದೇ ಮಷಿನ್ ಮೇಲೆ ಮೂರು ಶಿಫ್ಟಿನವರು, ಐಡಿಯಾ ಯಾರದು ಎಂದು ಯಾರು ಹೇಳಬೇಕು? ಇಬ್ಬರು ಟರ್ನರ್‌ಗಳು ಮಾತು ಬಿಟ್ಟರು. ಆಮೇಲೆ ಬಹುಮಾನವನ್ನು ಶಾಪ್ ಫಂಡಿಗೆ ಹಾಕಿ ಟೂಲ್ ತರೋಣ ಎಂದು ನೋಡಿದೆವು. ಅದೂ ಬಿದ್ದುಹೋಯಿತು. ಟೂಲ್ ತರಬೇಕಾದದ್ದು ಕಂಪನಿ, ನಮ್ಮ ದುಡ್ಡಲ್ಲಿ ಯಾಕೆ ಎಂದು ಜನ ಕೇಳಿದರು, ಸರಿಯಾಗೇ ಕೇಳಿದರು. ಕೊನೆಗೆ ನಿಂತದ್ದು ಇದು: ವರ್ಷದ ಒಟ್ಟು ಉಳಿತಾಯದ ಶೇಕಡ 20 ಕಾರ್ಮಿಕರಿಗೆ, ಎಲ್ಲರಿಗೂ ಸಮ. ಸಲಹೆ ಕೊಟ್ಟ ತಂಡಕ್ಕೆ ಹೆಸರು ಮಾತ್ರ, ಅದೂ ಕಂಪನಿ ಬೋರ್ಡಿಗಿಂತ ಮೊದಲು ಯೂನಿಯನ್ ಬೋರ್ಡಿನ ಮೇಲೆ.

ಉಳಿತಾಯದ ಲೆಕ್ಕ ಹಾಕುವುದರಲ್ಲಿ ಅಕೌಂಟ್ಸ್‌ನವರ ಜೊತೆ ಪ್ರತಿ ವರ್ಷ ಎಳೆದಾಟ. ಒಂದು ಉದಾಹರಣೆ. ಮಳೆಗಾಲದಲ್ಲಿ ಕೋರ್‌ಗಳು (ಎರಕದೊಳಗೆ ಟೊಳ್ಳು ಬಿಡಿಸುವ ಮರಳಿನ ಅಚ್ಚುಗಳು) ತೇವ ಹಿಡಿದು ಕಾಸ್ಟಿಂಗ್‌ನಲ್ಲಿ ಬ್ಲೋಹೋಲ್, ಅಂದರೆ ಗಾಳಿಯ ತೂತು ಬರುತ್ತಿದ್ದವು. ಕೋರ್ ಶಾಪ್ ಹುಡುಗರು ಓವನ್ ಆರುವಾಗಿನ ಕಾವಿನಲ್ಲೇ ರಾತ್ರಿ ಕೋರ್ ಇಡುವ ರ‍್ಯಾಕ್ ಮಾಡಿಸಿದರು. ರ‍್ಯಾಕು, ಟ್ರಾಲಿ ಸೇರಿ ಖರ್ಚು 40 ಸಾವಿರದ ಹತ್ತಿರ. ಮಳೆಗಾಲದ ರಿಜೆಕ್ಷನ್ ನೂರಕ್ಕೆ ಒಂಬತ್ತು ಇದ್ದದ್ದು ಆರಕ್ಕೆ ಬಂತು. ಅಕೌಂಟ್ಸ್‌ನವರು ರಿಜೆಕ್ಟ್ ಆದ ಕಾಸ್ಟಿಂಗ್‌ನ ಕಬ್ಬಿಣ ಮತ್ತೆ ಕರಗುತ್ತದಲ್ಲ, ಆದ್ದರಿಂದ ಉಳಿತಾಯ ಕಡಿಮೆ ಅಂದರು. ಕರೆಂಟು, ಮರಳು, ಮೋಲ್ಡರ್ ಕೂಲಿ ಮತ್ತೆ ಕರಗುತ್ತದಾ ಎಂದು ನಾವು ಕೇಳಿದೆವು. ಆ ವರ್ಷ ಎಲ್ಲ ಸಲಹೆ ಸೇರಿ ಅವರ ಲೆಕ್ಕ 9 ಲಕ್ಷ, ನಮ್ಮದು 16. ಕೊನೆಗೆ 12 ಲಕ್ಷಕ್ಕೆ ನಿಂತಿತು. ತಲೆಗೆ 850 ರೂಪಾಯಿ ಬಂತು. ದೊಡ್ಡ ಮೊತ್ತ ಏನಲ್ಲ. ಆದರೆ ಈ ಚೌಕಾಸಿ ನಡೆದದ್ದು ಎಲ್ಲರಿಗೂ ಗೊತ್ತಿತ್ತು. 9ರಿಂದ 12ಕ್ಕೆ ಏರಿಸಿದ್ದು ಯಾರು ಎಂಬುದೂ ಗೊತ್ತಿತ್ತು. ಲೆಕ್ಕದ ಪ್ರತಿ ಸಾಲನ್ನೂ ನಾವು ಗೇಟ್ ಮೀಟಿಂಗ್‌ನಲ್ಲಿ ಓದಿ ಹೇಳಿದ್ದೆವು.

ಆ ಪಾಲಿನಲ್ಲಿ ಸ್ವಲ್ಪ ಯೂನಿಯನ್ ಫಂಡಿಗೆ ತಗೊಳ್ಳೋಣ ಎಂದು ಕಮಿಟಿಯಲ್ಲೇ ಕೆಲವರು ಅಂದರು. ನಾನು ಹಠ ಹಿಡಿದು ಬೇಡ ಅಂದೆ. ಸರ್ಕಲ್ ದುಡ್ಡಿನಲ್ಲಿ ಒಂದು ರೂಪಾಯಿ ಯೂನಿಯನ್‌ಗೆ ಬಂದರೂ, ಸರ್ಕಲ್ ನಿಂತರೆ ನಮಗೇ ನಷ್ಟ ಎಂಬಂತಾಗುತ್ತದೆ. ಆಗ ಹೊರಗೆ ಬರುವ ಷರತ್ತಿಗೆ ಬೆಲೆ ಇರುವುದಿಲ್ಲ. ಯೂನಿಯನ್ ನಡೆಯಬೇಕಾದದ್ದು 50 ರೂಪಾಯಿ ಚಂದಾದ ಮೇಲೆ.

2020ರಲ್ಲಿ ಕೊರೊನಾ ಬಂತು. ಸರ್ಕಲ್‌ಗಳು ನಿಂತವು. ಪಾಲು ಸೊನ್ನೆ. ಫ್ಯಾಕ್ಟರಿ ಶುರುವಾದ ಮೇಲೂ ಒಂದು ವರ್ಷ ಯಾವ ಸಲಹೆಗೂ ಖರ್ಚು ಮಾಡುವುದಿಲ್ಲ ಅಂದರು. ಈಗ ಜನ ಹೋಗುತ್ತಾರೆ ನೋಡು ಎಂದು ಅನುಮಾನದವರು ಫೋನ್ ಮಾಡಿ ಹೇಳಿದರು. ಕಂಪನಿ ಬಗ್ಗೆ ಜನರ ಉತ್ಸಾಹ ಇಳಿದದ್ದು ನಿಜ, ಟೀ ಶರ್ಟ್ ಹಾಕಿಕೊಂಡು ಬರುವುದನ್ನೂ ಬಿಟ್ಟರು. ಚಂದಾ ಕೊಡುವವರು ಮಾತ್ರ 240ರ ಕೆಳಗೆ ಇಳಿಯಲಿಲ್ಲ. ಸ್ಲಿಪ್ ಪುಸ್ತಕ ಆ ವರ್ಷವೂ ನಡೆದೇ ಇತ್ತು. ಇಲ್ಲ ಎಂದು ಬರೆದ ಉತ್ತರಗಳನ್ನು ಒಂದೂ ಬಿಡದೆ ತಲುಪಿಸಿದೆವು.

ಇನ್ನೊಂದು ಮಾತು, ಇದನ್ನು ಬಿಟ್ಟರೆ ಉಳಿದದ್ದೆಲ್ಲ ವ್ಯರ್ಥ. ದೂರಿನ ದಾರಿ ಬೇರೆ, ಸಲಹೆಯ ದಾರಿ ಬೇರೆ ಇರಬೇಕು. ಒಬ್ಬ ಹೆಲ್ಪರ್‌ನನ್ನು ಸಸ್ಪೆಂಡ್ ಮಾಡಿದಾಗ ಅವನ ಸರ್ಕಲ್ ಲೀಡರ್, ಒಳ್ಳೆಯ ಮನುಷ್ಯ, ನಾನು ಶನಿವಾರ ಮೀಟಿಂಗ್‌ನಲ್ಲಿ ಮಾತಾಡಿ ಬಿಡಿಸುತ್ತೇನೆ ಅಂದ. ನಾನು ತಡೆದೆ. ಅಲ್ಲಿ ಬಿಡಿಸಿದರೆ ಅದು ದಯೆ, ನಾಳೆ ಇನ್ನೊಬ್ಬನಿಗೆ ಸಿಗುವುದಿಲ್ಲ. ದೂರು ಯೂನಿಯನ್ ಮೂಲಕವೇ ಹೋಯಿತು, ಸ್ವಲ್ಪ ನಿಧಾನವಾಯಿತು, ಆದರೆ ಅವನು ಹಿಂದಿನ ಸಂಬಳದ ಸಮೇತ ಒಳಗೆ ಬಂದ. ನಮ್ಮ ಊರಿನ ರೈಲ್ವೆ ವರ್ಕ್‌ಶಾಪ್‌ನಲ್ಲಿರುವ ನನ್ನ ಸಂಬಂಧಿ ಇದನ್ನು ಕೇಳಿ, ನಮ್ಮಲ್ಲಿ ಇದು ಹಳೆಯ ಪದ್ಧತಿ ಅಂದ. ರೈಲ್ವೆಯಲ್ಲಿ 1950ರ ದಶಕದಿಂದ ಪಿಎನ್‌ಎಂ, ಅಂದರೆ ಕಾಯಂ ಮಾತುಕತೆಯ ವ್ಯವಸ್ಥೆ ಇದೆ. ಅಲ್ಲಿ ಮಾನ್ಯತೆ ಪಡೆದ ಯೂನಿಯನ್ ಆಡಳಿತದ ಎದುರು ಕೂತು ಬೇಡಿಕೆ ಮಾತಾಡುತ್ತದೆ. ಆಡಳಿತದಲ್ಲಿ ಭಾಗವಹಿಸುವ ‘ಪ್ರೇಮ್’ ಆಮೇಲೆ ಬಂದದ್ದು, ಅದು ಬೇರೆಯೇ ವೇದಿಕೆ, ಅಲ್ಲಿ ಅಧಿಕಾರಿಗಳ ಸಂಘದವರೂ ಕೂರುತ್ತಾರೆ. ಎರಡನ್ನೂ ಕಲಸಿಲ್ಲ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ವಾಟ್ಸಾಪ್ ಗ್ರೂಪಿನಲ್ಲಿ ಸಲಹೆ ಹಾಕಿಸಿ ನೋಡಿದೆವು, ಪ್ರೆಸ್ ಖರ್ಚು ಉಳಿಯುತ್ತದಲ್ಲ ಎಂದು. ಎರಡು ತಿಂಗಳಲ್ಲಿ ಅದು ಶುಭೋದಯದ ಗ್ರೂಪ್ ಆಯಿತು. ಸೂಪರ್‌ವೈಸರ್‌ಗಳೂ ಇದ್ದದ್ದರಿಂದ ಫೆಟ್ಲಿಂಗ್‌ನವರು ಬಾಯಿಯೇ ಬಿಡಲಿಲ್ಲ. ಕಾಗದಕ್ಕೆ ವಾಪಸ್ ಬಂದೆವು. ಕ್ಯಾಂಟೀನ್ ಕಮಿಟಿ ಮಾತ್ರ ಚೆನ್ನಾಗಿ ಕೈಹಿಡಿಯಿತು. ವಾರಕ್ಕೆ ಎರಡು ದಿನ ಅನ್ನದ ಜೊತೆ ಜೋಳದ ರೊಟ್ಟಿ, ಎಣ್ಣೆಗಾಯಿ ಬೇಕು ಎಂದು ಕೇಳಿದೆವು. ಕಾಂಟ್ರಾಕ್ಟರ್ ರೇಟ್ ಏರಿಸಿದ. ಹೊರಗಿನ ಇಬ್ಬರು ಹೆಣ್ಣುಮಕ್ಕಳಿಂದ ರೊಟ್ಟಿ ತರಿಸುವ ವ್ಯವಸ್ಥೆ ಮಾಡಿದೆವು, ರೊಟ್ಟಿಗೆ 7 ರೂಪಾಯಿಯಂತೆ. ಅದಕ್ಕಿಂತ ಕಡಿಮೆಗೆ ಕಾಂಟ್ರಾಕ್ಟರ್ ಆಮೇಲೆ ತಾನೇ ಬಂದ. ಆದರೆ ನಾವು ಆ ಹೆಣ್ಣುಮಕ್ಕಳನ್ನು ಬಿಡಲಿಲ್ಲ.

ನೀವು ಮೊದಲಿಂದ ಯೂನಿಯನ್ ಅಭಿಮಾನಿಗಳನ್ನೇ ಸರ್ಕಲ್‌ಗೆ ಹಾಕಿದ್ದೀರಿ, ಅವರು ನಿಷ್ಠೆ ತೋರಿಸಿದರೆ ಏನು ವಿಶೇಷ ಎಂದು ಫೆಡರೇಶನ್‌ನ ಹಿರಿಯರೊಬ್ಬರು ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೇ ಮಷಿನ್ ಶಾಪ್‌ನ ಎರಡು ಹೊಸ ಸರ್ಕಲ್‌ಗಳಿಗೆ ಚೀಟಿ ಎತ್ತಿ ಜನರನ್ನು ಆರಿಸಿದೆವು. ಚಂದಾ ಕೊಡದವರೂ ಬಂದರು, ಯೂನಿಯನ್ ಅಂದರೆ ಮೂಗು ಮುರಿಯುವ ಡಿಪ್ಲೊಮಾ ಹುಡುಗರೂ ಬಂದರು. ಒಂದು ವರ್ಷದ ನಂತರ ಹೆಸರಿಲ್ಲದ ಚೀಟಿಯಲ್ಲಿ ಒಂದೇ ಪ್ರಶ್ನೆ ಕೇಳಿದೆವು: ಕೆಲಸದಲ್ಲಿ ಕಷ್ಟ ಬಂದರೆ ಮೊದಲು ಯಾರ ಬಳಿ ಹೋಗುತ್ತೀರಿ? ಸೂಪರ್‌ವೈಸರ್, ಎಚ್‌ಆರ್, ಯೂನಿಯನ್. ಚೀಟಿ ಎತ್ತಿ ಸರ್ಕಲ್‌ಗೆ ಆರಿಸಿದವರಲ್ಲಿ ಮುಕ್ಕಾಲು ಭಾಗ ಯೂನಿಯನ್ ಅಂದರು. ಸರ್ಕಲ್‌ಗೆ ಬರದ ಅದೇ ಶಾಪ್‌ನವರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅರವತ್ತು ಎಪ್ಪತ್ತು ಜನರ ಲೆಕ್ಕ ಅಷ್ಟೇ, ಆದರೂ ಹಿರಿಯರು ಒಪ್ಪಿದರು. ಈಗ ಅವರೇ ಬೇರೆ ಊರಿನವರನ್ನು ನಮ್ಮ ಕಡೆ ಕಳಿಸುತ್ತಾರೆ. ರಾಣೆಬೆನ್ನೂರಿನಿಂದ ಒಂದು ಕಮಿಟಿ ಬಂದಿತ್ತು, ಧಾರವಾಡದ ಬೇಲೂರು ಇಂಡಸ್ಟ್ರಿಯಲ್ ಏರಿಯಾದಿಂದ ಮೂರು. ಬಂದವರಿಗೆ ಸ್ಲಿಪ್ ಪುಸ್ತಕದ ನಮೂನೆ ಕೊಡುತ್ತೇನೆ. ಪ್ರತಿನಿಧಿಗಳನ್ನು ಎಷ್ಟು ದಿನಕ್ಕೊಮ್ಮೆ, ಹೇಗೆ ಬದಲಿಸುತ್ತೇವೆ ಎಂಬ ಪಟ್ಟಿ ಮಾತ್ರ ಕೊಡುವುದಿಲ್ಲ. ಅದು ಅವರವರ ಫ್ಯಾಕ್ಟರಿಯ ಜಾತಿ, ಊರು, ಶಿಫ್ಟು ನೋಡಿ ಮಾಡಬೇಕಾದದ್ದು, ನಮ್ಮದನ್ನು ನಕಲು ಮಾಡಿದರೆ ಕೆಡುತ್ತದೆ.

ಒಂದನ್ನು ಮಾತ್ರ ಎಲ್ಲರಿಗೂ ಒತ್ತಿ ಹೇಳುತ್ತೇನೆ. ಪ್ರತಿನಿಧಿ ಒಳಗೆ ಮಾತಾಡಿದ್ದನ್ನು ಅದೇ ದಿನ ಶಾಪ್‌ಗೆ ಬಂದು ಹೇಳಬೇಕು. ಎರಡು ದಿನ ತಡವಾದರೂ ಸಾಕು, ಅಷ್ಟರಲ್ಲಿ ಸೂಪರ್‌ವೈಸರ್ ಬಾಯಿಂದ ಸುದ್ದಿ ಬಂದಿರುತ್ತದೆ, ಜೊತೆಗೆ ಕೀರ್ತಿಯೂ ಅವನಿಗೇ. ನಮ್ಮಲ್ಲಿ ಮೀಟಿಂಗ್ ಮುಗಿದು ಶಿಫ್ಟ್ ಬಿಡುವ ಮೊದಲೇ ಬೋರ್ಡಿನ ಮೇಲೆ ನಾಲ್ಕು ಸಾಲು ಬರೆದಿರುತ್ತದೆ. ಬರೆಯದ ಪ್ರತಿನಿಧಿಯನ್ನು ಮುಂದಿನ ಸಲ ಕಳಿಸುವುದಿಲ್ಲ. ಒಬ್ಬ ಉಪಾಧ್ಯಕ್ಷರನ್ನೇ ಹೀಗೆ ಹೊರಗೆ ಕೂರಿಸಿದ್ದೇವೆ.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದ ಮೇಲೆ ಈ ಲೆಕ್ಕಕ್ಕೆ ಇನ್ನೂ ತೂಕ ಬಂದಿದೆ. ಒಂದಕ್ಕಿಂತ ಹೆಚ್ಚು ಯೂನಿಯನ್ ಇರುವ ಕಡೆ ಶೇಕಡ 51 ಮೆಂಬರ್‌ಶಿಪ್ ಇದ್ದವರಿಗೆ ಮಾತುಕತೆಯ ಹಕ್ಕು. ಯಾರಿಗೂ ಅಷ್ಟಿಲ್ಲದಿದ್ದರೆ ಶೇಕಡ 20 ಇರುವವರೆಲ್ಲ ಸೇರಿದ ಮಂಡಳಿ. ವರ್ಕ್ಸ್ ಕಮಿಟಿ ಹೊಸ ಕಾನೂನಿನಲ್ಲೂ ಇದೆ, ನೂರು ಜನ ಇರುವ ಕಡೆ. 20 ಜನ ಇದ್ದರೆ ಸಾಕು, ದೂರು ಪರಿಹಾರ ಸಮಿತಿಯೂ ಇರಬೇಕು. ಅಂದರೆ ಕಮಿಟಿಗಳು ಎಲ್ಲಿಗೂ ಹೋಗುವುದಿಲ್ಲ. ಅವುಗಳೊಳಗೆ ಯಾರು ಯಾರ ಪರವಾಗಿ ಕೂರುತ್ತಾರೆ ಎಂಬುದನ್ನು ಪ್ರತಿ ಫ್ಯಾಕ್ಟರಿಯಲ್ಲೂ ಈಗಲೇ ಯೋಚಿಸಬೇಕು.

ನಮ್ಮ ಮುಂದಿನ ಅಗ್ರಿಮೆಂಟಿನ ಬೇಡಿಕೆ ಪಟ್ಟಿ ತಯಾರಾಗುತ್ತಿದೆ. ಅದರಲ್ಲಿ ಸರ್ಕಲ್‌ಗೆ ಸಂಬಂಧಿಸಿ ಎರಡು ಅಂಶ ಇವೆ. ಪಾಲು ಶೇಕಡ 20ರಿಂದ 30ಕ್ಕೆ ಏರಬೇಕು. ಫೌಂಡ್ರಿಯಲ್ಲಿರುವ ನೂರಾ ಹತ್ತು ನೂರಾ ಇಪ್ಪತ್ತು ಕಾಂಟ್ರಾಕ್ಟ್ ಹುಡುಗರಿಗೂ ಸ್ಲಿಪ್ ಪುಸ್ತಕ, ಹದಿನೈದು ದಿನದ ಉತ್ತರ, ಸಮಪಾಲು ಬೇಕು. ಕರಗಿದ ಕಬ್ಬಿಣದ ಮುಂದೆ ಈಗ ಜಾಸ್ತಿ ನಿಲ್ಲುವವರು ಅವರೇ, ಸಲಹೆಗಳೂ ಅವರ ಬಳಿಯೇ ಜಾಸ್ತಿ. ಕಳೆದ ವರ್ಷ ಹೆಸರು ಹಾಕದೆ ನಮ್ಮವರ ಸ್ಲಿಪ್‌ನಲ್ಲೇ ಬರೆಸಿ ಕೊಟ್ಟ ಎರಡು ಸಲಹೆಗಳು ಜಾರಿಯಾಗಿವೆ. ಮ್ಯಾನೇಜ್‌ಮೆಂಟ್ ಮೊದಲನೆಯದಕ್ಕೆ 25ರ ತನಕ ಬರುವ ಲಕ್ಷಣ ಕಾಣುತ್ತಿದೆ. ಎರಡನೆಯದಕ್ಕೆ, ಅವರು ನಮ್ಮ ಕಾರ್ಮಿಕರೇ ಅಲ್ಲ, ಕಾಂಟ್ರಾಕ್ಟರ್‌ನವರು ಅನ್ನುತ್ತಿದ್ದಾರೆ. ಒಂದನ್ನು ಬಿಡಬೇಕಾಗಿ ಬಂದರೆ ಮೊದಲನೆಯದನ್ನು ಬಿಡುವುದೆಂದು ಜನರಲ್ ಬಾಡಿಯಲ್ಲಿ ಕೈ ಎತ್ತಿ ತೀರ್ಮಾನ ಆಗಿದೆ.